ಭಾವ ಓದಿದ ಗಾಲ್ಫ್ ಪುಸ್ತಕ

ಗ್ರಂಥಾಲಯದ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಆಕೆಯ ಕೈಯಲ್ಲಿ ಗಾಲ್ಫ್ ಮೈದಾನಗಳ ವಿನ್ಯಾಸದ ದಪ್ಪ ಪುಸ್ತಕವಿತ್ತು.

“ನಿಮ್ಮಣ್ಣ ಹೋದ ತಿಂಗಳು ಓದ್ತಿದ್ದದ್ದು ಇದನ್ನೇ.”

“ಓದ್ಲಿ ಬಿಡೇ. ಪಾಪ, ಅಪ್ಪನ ಜಮೀನಲ್ಲಿ ಹಳ್ಳದಿಣ್ಣೆ ಎಲ್ಲಾ ತಾನಿಟ್ಕೊಂಡು, ಸಮತಟ್ಟಾಗಿರೋದನ್ನ ನಮಗೆ ಬಿಡ್ತೀನಿ ಅಂದಿದಾನೆ.”

“ಜನ್ಮದಲ್ಲಿ ಒಂದು ಚೆಂಡು ಮುಟ್ಟಿದವರಲ್ಲ. ಇಲ್ಲಿ ನೋಡಿ, ಗಾಲ್ಫ್‌ಗೆ ಹಳ್ಳದಿಣ್ಣೆ ಇರೋ ಜಾಗವೇ ಚಿನ್ನವಂತೆ.”

ಆತ ಆ ಪುಟವನ್ನು ಬಹಳ ಹೊತ್ತು ನೋಡಿದ.

“ಹೋಗಿ ಕೇಳೇಬಿಡ್ಲಾ?”

“ಬಾಯಿ ಬಿಟ್ಟೀರಿ ಜೋಕೆ. ‘ದೊಡ್ಡೋನು ನೀನು, ಹಾಳು ಜಾಗ ನಿನಗ್ಯಾಕಣ್ಣ, ಕಷ್ಟ ನಮಗಿರಲಿ’ ಅಂತ ಕೈ ಹಿಡ್ಕೊಳ್ಳಿ.”

ಸರದಿ ಬಂತು. ಪುಸ್ತಕ ಚೀಲಕ್ಕೆ ಸೇರಿತು. ಬಾಗಿಲ ಬಳಿ ಆತ ಮೆಲ್ಲಗೆ ಕೇಳಿದ:

“ಅಳಬೇಕೇನೆ?”

“ಅವರು ಅಳೋಕೆ ಮುಂಚೆ ಅತ್ತುಬಿಡಿ.”