ವಾಡೆಯ ಮುಂದ ಮೊಣಕಾಲೂರದ ಉಪದೇಶಿ

ಕರ್ತನಲ್ಲಿ ಪ್ರಿಯರಾದ ಮಣ್ಣೂರ ಸಭೆಯವರೇ, ಅತನೂರದಿಂದ ಬಂದ ಹಿರಿಯರೇ, ಗಂಡನ್ನ ಮಣ್ಣಿಗಿಟ್ಟು ಇನ್ನೂ ಕಣ್ಣೀರು ಆರದ ನಮ್ಮ ತಂಗಿ ಬಾಳಮ್ಮ — ಎಲ್ಲರಿಗೂ ವಂದನೆ. ನಾನು ಜೇವರ್ಗಿಯ ಉಪದೇಶಿ ರೇವಣಪ್ಪ. ನಿಮ್ಮ ಉಪದೇಶಿ, ಬಾಳಮ್ಮನ ಗಂಡ ಖಂಡಪ್ಪನವರೂ ನಾನೂ ಒಂದೇ ಚಾಪಿ ಮ್ಯಾಲ ಕುಂತು ಸತ್ಯವೇದ ಕಲ್ತವರು.

ಚಂದ ಮಾತು ಕೇಳಾಕ ಬಂದಿದ್ರ ಆಸೆ ಬಿಡ್ರಿ. ಇವತ್ತು ನನ್ನ ಬಾಯಾಗ ಅವು ಬರೂದಿಲ್ಲ.

ಖಂಡಪ್ಪ ದೇವರಿಗೆ ಅಂಜತಿದ್ದ ಮನುಷ್ಯ. ನೀವ ನೋಡೀರಿ — ಸತ್ಯವೇದ ತೆರಿಯೂ ಮುಂಚೆ ಕೈಕಾಲು ತೊಳೀತಿದ್ದ. ರುಮಾಲು ತಗದು ಬಗಲಾಗ ಇಡತಿದ್ದ. ಯೆಹೋವ ಅನ್ನೂ ಮುಂದ ದನಿ ಸಣ್ಣಾಗತಿತ್ತು. ನಾ ಒಮ್ಮೆ ನಕ್ಕೆ. "ಅಪ್ಪಾ ಅಂತ ಕರೀತಿ, ಅಪ್ಪಗ ಇಷ್ಟು ಅಂಜೂದ್ಯಾಕೋ ಮಾರಾಯಾ?"

"ಗೌಡಗಾದ್ರ ಸುಳ್ಳು ಹೇಳಿ ತಪ್ಪಿಸ್ಕೋಬಹುದು ರೇವಣ್ಣ. ಇವ ಎದಿಯೊಳಗ ಕುಂತು ನೋಡ್ತಾನ. ಅಂಜದ ಹೆಂಗಿರಲಿ?" ಅಂದ.

ಈ ಬ್ಯಾಸಗ್ಯಾಗ ಏನಾತು — ಊರವರಿಗೆ ಗೊತ್ತದ. ಹೊರಗಿನವರಿಗೆ ಹೇಳತೇನಿ.

ದೊಡ್ಡ ವಾಡೆಯ ಜಮೀನ್ದಾರ ಬಸವಂತರಾಯರ ಮಗ, ಕೂಲಿ ಹೆಣ್ಮಗಳು ಹಣಮವ್ವನ್ನ ಕಣದಾಗ ಬಂಡಿಗೂಟದಿಂದ ಬಡದ. ಯಾಕ? ಸೆರಗಿನ್ಯಾಗ ಹಿಡಿ ಜ್ವಾಳ ಕಟ್ಕೊಂಡಿದ್ಲು ಅಂತ. ಅಲ್ಲೇ ಸತ್ಲು. ಹೆಣ ಬಾವಿಗೆ ಹಾಕಿದ್ರು. ಕಣ್ಣಾರೆ ಕಂಡವರು ಖಂಡಪ್ಪ, ಮತ್ತ ಈ ಸಭೆಯ ಇಬ್ಬರು ಹಿರಿಯರು. ಅವರ ಹೆಸರು ಹೇಳೂದಿಲ್ಲ. ಮುಂದಿನ ಸಾಲಿನ್ಯಾಗ ಕುಂತಾರ. ನೋಡ್ಕೋರ್ರಿ.

ಪೊಲೀಸ ಅಮೀನಸಾಬರು ತನಿಖಿಗೆ ಬಂದಾಗ ಇವರಿಬ್ಬರೂ ಸತ್ಯವೇದದ ಮ್ಯಾಲ ಕೈ ಇಟ್ರು — ಕರ್ತನ ರೊಟ್ಟಿ ತಗೊಳ್ಳೂ ಕೈ, ಅದ ಕೈ — "ಕಾಲು ಜಾರಿ ಬಾವ್ಯಾಗ ಬಿದ್ಲು" ಅಂದ್ರು. ಖಂಡಪ್ಪ ಪುಸ್ತಕ ಮುಟ್ಟಲಿಲ್ಲ. "ಸುಳ್ಳಿಗೆ ಇದನ್ನ ಮುಟ್ಟೂದಿಲ್ರಿ. ಬಡದದ್ದು ನಾ ನೋಡೇನಿ" ಅಂದ.

ಅಮೀನಸಾಬರು ಹೋದ ಮರುದಿನ ವಾಡೆಯ ಆಳುಗಳು ಖಂಡಪ್ಪನ್ನ ರಾಯರ ಮುಂದ ಎಳಕೊಂಡು ಹೋದ್ರು.

"ನಿನ್ನ ದೇವರ ಮುಂದ ಮೊಣಕಾಲೂರತೀಯಲ್ಲಲೇ? ರಾಯರ ಮುಂದೂ ಊರು. ಸುಳ್ಳು ಹೇಳೇನಿ ಅನ್ನು" ಅಂದ ಒಬ್ಬ ಆಳು.

"ಕೈ ಮುಗೀತೇನ್ರಿ ರಾಯರ. ಮೊಣಕಾಲು ಒಬ್ಬಗ ಅಷ್ಟ."

ಅದ ಬಂಡಿಗೂಟ ತಂದ್ರು. ಮದಲ ಒಂದು ಮೊಣಕಾಲು. ಆಮ್ಯಾಲ ಇನ್ನೊಂದು. ಇಡೀ ಊರು ನೋಡ್ತು. ಈ ಸಭೀನೂ ನೋಡ್ತು. ನೀರು ತಂದಾಕಿ ಬೀಬಿಜಾನ ಒಬ್ಬಾಕಿನ — ನಮ್ಮ ಸಭೆಯಾಕಿ ಅಲ್ಲ, ಮಗ್ಗಲ ಮನಿಯ ಮುಸಲ್ಮಾನರ ಹೆಣ್ಮಗಳು.

ಸುದ್ದಿ ಮುಟ್ಟಿ ನಾ ಬರೂದ್ರಾಗ ಕಾಲು ಕೊಳತು ನಾರತಿದ್ವು. ನೋವಿಗೆ ಅವ ಅಳಲಿಲ್ಲ. "ಮಲ್ಕೊಂಡು ಪ್ರಾರ್ಥನೆ ಮಾಡಾಕತ್ತೇನಿ ರೇವಣ್ಣ, ಕರ್ತನ ಮುಂದ ನಾಚಿಕಿ ಬರತದ. ಕೆಳಗ ಇಳಸು" ಅಂತ ಅತ್ತ. ನಾ ಬ್ಯಾಡ ಅಂದೆ. ಬಾಳಮ್ಮ ಬ್ಯಾಡ ಅಂದ್ಲು. ಕೇಳಲಿಲ್ಲ. ನಾ ಒಂದು ತೋಳು, ಬೀಬಿಜಾನ ಒಂದು ತೋಳು ಹಿಡದು, ಆ ಮುರದ ಮೊಣಕಾಲ ಮ್ಯಾಲ ಇಳಿಸಿದ್ವಿ. ಚೀರಿದ — ಆ ದನಿ — ಇರಲಿ. ಹಣಿ ನೆಲಕ್ಕ ಹಚ್ಚಿದ. ನಾವು ಎತ್ತೂ ಮುಂದ ಜೀವ ಇರಲಿಲ್ಲ.

ಹಣಮವ್ವ ಜಾರಿ ಬಿದ್ದಳು ಅಂತ ಪ್ರಕರಣ ಮುಗೀತು. ರಾಯರ ಮಗ ಮೊನ್ನೆ ಗಾಡಿ ಹೂಡಿಸ್ಕೊಂಡು ಘತ್ತರಗಿ ದೇವಿ ಗುಡಿಗೆ ಹೋಗಿ ಬಂದ. ಸತ್ಯ ಗೆಲ್ಲಲಿಲ್ಲ ಬಾಂಧವರೇ. ಗೆದ್ದದ ಅಂತ ಖಂಡಪ್ಪನ ಹೆಸರಿನ್ಯಾಗ ನಾ ಸುಳ್ಳು ಹೇಳೂದಿಲ್ಲ. ಅವ ಕರ್ತನ ಹತ್ರ ಸುಖವಾಗ್ಯಾನ ಅಂತ ಮುಂದಿನ ಸಾಲಿನ ಈ ಇಬ್ಬರು ಹಿರಿಯರು ಈಗಷ್ಟ ಹೇಳಿದ್ರು. ಆಗಿರಬಹುದು. ಆ ಮಾತು ನಿಮ್ಮ ಬಾಯಾಗ ಬ್ಯಾಡ್ರಿ.

ಇವರಿಬ್ಬರನ್ನ ಸಭೆಯಿಂದ ಹೊರಗ ಕಳಸೂನು ಅಂತ ಮುಂಜಾನೆ ಬಾಳಮ್ಮಗ ಹೇಳಿದೆ. "ಬ್ಯಾಡಣ್ಣ, ಒಳಗ ಇರಲಿ. ಹೊರಗ ಹೋದ್ರ ಹಗುರಾಗ್ತಾರ" ಅಂದ್ಲು.

ಇನ್ನ ಎಲ್ಲರೂ ಏಳ್ರಿ. ಹಿರಿಯರ, ನೀವೂ ಏಳ್ರಿ. ಹಾಡು ಬ್ಯಾಡ, ಆಮೆನ್ ಬ್ಯಾಡ. ಸುಮ್ಮನ ನಿಂದರ್ರಿ. ದೇವರ ಮುಂದ ನಿಂತೀವಿ ಅಂತ ಅಂಜಿಕಿ ಬರಬೇಕು. ಬರಲಿಲ್ಲಂದ್ರ — ಬರೂತನಕಾ ಯಾರೂ ಕುಂಡ್ರಬ್ಯಾಡ್ರಿ.