ವಾಲಿದ ಕೋಸು

“ಹದಿನಾಲ್ಕು ಕೋಸನ್ನ ಬೇರುಸಮೇತ ಕಿತ್ತು ಗೊಬ್ಬರದ ಗುಂಡಿಗೆ ಎಸೆಯೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?”

ಹಲ್ಲಿನ ಡಾಕ್ಟರಿಗೆ ಕಾಯುತ್ತಿದ್ದ ನಾವೆಲ್ಲ ತಿರುಗಿ ನೋಡಿದೆವು. ಇಬ್ಬರೂ ವಾರಗಿತ್ತಿಯರು. ಕೂಗಿದವಳು ಚಿಕ್ಕವಳು. ಅವರ ಅತ್ತೆ ಒಳಗೆ ಹಲ್ಲು ಕೀಳಿಸಿಕೊಳ್ಳುತ್ತಿದ್ದರು.

“ಎಲ್ಲಾ ವಾಲಿದ್ವು. ಇಲಿ ಬೇರು ಕಡಿದಿದೆ ಅಂದ್ಕೊಂಡೆ. ಇಲಿ ಬಾಯಿ ಹಾಕಿದ್ದನ್ನ ಯಾರು ತಿಂತಾರೆ?” ಎಂದಳು ದೊಡ್ಡವಳು.

“ವಾಲಿಸಿದ್ದು ನಾನು! ಮಳೆ ಹೊಡೆದಾಗ ಬಲಿತ ಕೋಸು ನೀರು ಕುಡಿದು ಬಿರಿಯುತ್ತೆ. ಅದಕ್ಕೇ ಒಂದೊಂದನ್ನೂ ಹಿಡಿದು ತಿರುಗಿಸಿ, ಅರ್ಧ ಬೇರು ಹರಿದಿದ್ದೆ.”

“ಬಾಯಿಬಿಟ್ಟು ಹೇಳೋಕೆ ಏನು ರೋಗ?”

“ನೀವು ನನ್ನ ಹತ್ರ ಮಾತು ಬಿಟ್ಟು ಎರಡು ತಿಂಗಳಾಯ್ತು. ಗೋಡೆಗೆ ಹೇಳಲಾ?”

“ಮಾತು ಬಿಟ್ಟಿದ್ದು ನೀನು.”

“ಸರಿ, ನಾನೇ. ಆ ಮನೇಲಿ ನನ್ನದು ಅಂತ ಇದ್ದದ್ದು ಅದೊಂದೇ ಪಾತಿ. ಅದಕ್ಕೂ ಕೈ ಹಾಕಿದ್ರಿ. ಬೇರೆ ಮನೆ ಮಾಡೋಣ ಅಂತ ಇವತ್ತೇ ನಮ್ಮ ಯಜಮಾನ್ರಿಗೆ ಹೇಳ್ತೀನಿ.”

“ಹೇಳು, ಹೇಳು. ಮೂರು ಸಲ ನೀನು ಗಂಟುಮೂಟೆ ಕಟ್ಟಿದ್ದೆ. ಊಟದ ಹೊತ್ತಿಗೆ ವಾಪಸ್ಸು ಬಂದಿದ್ದೆ.”

ಚಿಕ್ಕವಳು ಅತ್ತೆಯ ಔಷಧಿ ಚೀಟಿಯನ್ನು ದೊಡ್ಡವಳ ಮಡಿಲಿಗೆ ಎಸೆದು ಹೊರಟೇಹೋದಳು.

ದೊಡ್ಡವಳು ಖಾಲಿಯಾದ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟಳು. ನಾನು ಕೂರಲು ಹೋದರೆ, “ಜನ ಇದಾರೆ” ಎಂದು ಬಾಗಿಲ ಕಡೆ ನೋಡುತ್ತಲೇ ಗದರಿದಳು.

ನಾನು ಹಲ್ಲು ಕೀಳಿಸಿಕೊಂಡು ಬಂದಾಗ, ಬಾಯಲ್ಲಿ ಹತ್ತಿ ಕಚ್ಚಿಕೊಂಡ ಅತ್ತೆ ಗೋಡೆಗೊರಗಿ ನಿಂತಿದ್ದರು. ಕುರ್ಚಿಯ ಮೇಲೆ ಚೀಲ ಹಾಗೇ ಇತ್ತು.