ಭಾನುವಾರದ ಹೆಣಿಗೆ

ಕಡ್ಡಿ ನಿಲ್ಲಿಸಬೇಡಿ ತಾಯಂದಿರಾ, ಹೆಣೆಯುತ್ತಲೇ ಇರಿ. ಈ ಕತೆಗೆ ಅದೇ ಸದ್ದು ಬೇಕು. ಟಿಕ್... ಟಿಕ್...

ಟೈವಿ ಹೊಳೆಯಾಚೆಯ ಶೆಂಕಿನ್ ನನ್ನ ದೊಡ್ಡಪ್ಪನ ಮಗ. ಅವರಿವರ ಹೊಲದಲ್ಲಿ ಆಳಾಗಿ ದುಡಿದು, ಕುದುರೆ ಲಾಯದ ಅಟ್ಟದ ಮೇಲೆ ಮಲಗುತ್ತಿದ್ದ. ಅಂಥವನು ತಾಯಿಯನ್ನು ಎಲ್ಲಿ ಇಟ್ಟುಕೊಂಡಾನು? ಲೌರಿ ದೊಡ್ಡಮ್ಮ ಗತಿಯಿಲ್ಲದವರನ್ನು ಇರಿಸುವ ಬಡವರ ಮನೆ ಸೇರಬೇಕಾಯಿತು. ಬಾಗಿಲಲ್ಲೇ ಅವಳ ಬಟ್ಟೆ ಬಿಚ್ಚಿಸಿ ಅಲ್ಲಿನ ನೀಲಿ ಶಾಲು ಹೊದಿಸಿದರು. ಮಗನಿಗೆಂದು ಬೂದು ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು. ಒಂದು ಮುಗಿದಿತ್ತು, ಇನ್ನೊಂದು ಹಿಮ್ಮಡಿಯವರೆಗೆ ಬಂದಿತ್ತು. ಕಡ್ಡಿ ಒಳಗೆ ಬಿಡುವುದಿಲ್ಲ ಅಂದರು. ಎಲ್ಲವನ್ನೂ ಮಗನ ಕೈಗಿಟ್ಟು, "ಇದನ್ನ ಮುಗಿಸೋಕಾದ್ರೂ ಕರ್ಕೊಂಡು ಹೋಗೋ. ಇಲ್ಲಿ ಮಾತ್ರ ಮಣ್ಣು ಮಾಡಿಸ್ಬೇಡ" ಅಂದಳು.

ಅಂತೂ ಶೆಂಕಿನ್‌ಗೆ ಒಂದು ಗುಡಿಸಲು ಸಿಕ್ಕಿತು. ಸಿಕ್ಕಿದ್ದು ಶನಿವಾರ ರಾತ್ರಿ. ಅವ್ವನ ಅರ್ಧ ಹೆಣಿಗೆಯನ್ನು ಕಡ್ಡಿ ಸಮೇತ ಅಲ್ಲೇ ಮೊಳೆಗೆ ನೇತುಹಾಕಿದ. ಕಮ್ಮಾರ ಗಾಡಿ ಕುದುರೆ ಎರಡನ್ನೂ ಕೊಟ್ಟ. ಆದರೆ ಮಾರನೇ ದಿನ ಭಾನುವಾರ, ಕೆಲಸ ಮುಟ್ಟಬಾರದ ದೇವರ ದಿನ! ಭಾನುವಾರ ಗಾಡಿ ಹೂಡಿದವನನ್ನು ನಾವು ಪ್ರಾರ್ಥನೆಗೆ ಹೋಗುವ ಚಾಪೆಲ್‌ನ ಹಿರಿಯರು ಎಲ್ಲರೆದುರು ನಿಲ್ಲಿಸಿ ಉಗಿಯುತ್ತಾರೆ. ನನ್ನನ್ನು ಎರಡು ಸಲ ನಿಲ್ಲಿಸಿದ್ದಾರೆ, ಕೇಳಿ ನೋಡಿ. ಸೋಮವಾರ ಹೋದರಾಯಿತು ಅಂದುಕೊಂಡ ಶೆಂಕಿನ್.

ಆ ಭಾನುವಾರ ಸಂಜೆಯ ಪ್ರಾರ್ಥನೆ ಮುಗಿಸಿ ಒಬ್ಬನೇ ಬರುತ್ತಿದ್ದ. ಮಬ್ಬುಗತ್ತಲು. ಬಾವಿ ಹತ್ತಿರ...

ಟಿಕ್. ಟಿಕ್. ಟಿಕ್.

ನಮ್ಮ ಹೆಂಗಸರು ನಡೆಯುತ್ತಲೂ ಹೆಣೆಯುತ್ತಾರೆ, ಸರಿ. ಆದರೆ ಭಾನುವಾರ ಯಾವಳು ಕಡ್ಡಿ ಮುಟ್ಟುತ್ತಾಳೆ? ಮುಂದೆ ಒಬ್ಬಳು ಮೊಣಕೈ ಪಕ್ಕೆಗೊತ್ತಿಕೊಂಡು ನಡೆಯುತ್ತಿದ್ದಳು.

"ಯಾರಮ್ಮ ಅದು? ಇವತ್ತು ಭಾನುವಾರ."

ತಿರುಗಲಿಲ್ಲ. "ಗೊತ್ತು ಕಣೋ. ನಿಂಗೆ ಭಾನುವಾರ ಅಂದ್ರೇನು ಅಂತ ಹೇಳಿಕೊಟ್ಟೋಳೇ ನಾನು."

"ಅವ್ವಾ... ಓಡಿ ಬಂದ್ಯಾ?"

"ಗಾಡಿ ಹೂಡು."

"ನಾಳೆ ಬೆಳಗಾಗ್ತಿದ್ದ ಹಾಗೇ ಬರ್ತೀನಿ. ಇವತ್ತು ಊರು ಏನಂದೀತು?"

ಟಿಕ್... ಟಿಕ್... ನಿಂತಿತು.

"ನಾಳೆ ಮಣ್ಣು ಮಾಡಿರ್ತಾರೆ ಮಗಾ."

ಬಾವಿಯೊಳಗೆ ತೊಟ್... ತೊಟ್... ಅನ್ನುವ ನೀರಿನ ಸದ್ದು ಬಿಟ್ಟರೆ ಮತ್ತೇನಿಲ್ಲ. ಮುಂದೆ ಯಾರೂ ಇಲ್ಲ.

ಶೆಂಕಿನ್ ಹಿರಿಯರನ್ನೂ ನೋಡಲಿಲ್ಲ, ಭಾನುವಾರವನ್ನೂ ನೋಡಲಿಲ್ಲ. ಅವರ ಬಾಗಿಲ ಮುಂದೆಯೇ ಗಡಗಡ ಗಾಡಿ ಹೊಡೆದ. ಬಡವರ ಮನೆಯ ಕಾವಲುಗಾರ ಲಾಂದ್ರ ಎತ್ತಿ, ನಿಮ್ಮವ್ವ ದೀಪ ಹಚ್ಚೋ ಹೊತ್ತಿಗೇ ಹೋದ್ಲು, ಬೆಳಗ್ಗೆ ಹಿಂದಿನ ಗೋಡೆ ಪಕ್ಕ ಹೂಳಬೇಕು ಅಂತ ಗುಂಡಿ ತೋಡಿಸಿದೀವಿ ಅಂದ. ಇವನು ಜಗಳವಾಡಿ ಹೆಣ ಬಿಡಿಸಿಕೊಂಡು ಗಾಡಿಗೆ ಹಾಕಿದ. ಶಾಲು ನಮ್ಮದು, ಬಿಟ್ಟು ಹೋಗು ಅಂತ ಕಾವಲುಗಾರ ಎಳೆದುಕೊಂಡ. ಎಳೆದವನು ಲಾಂದ್ರದ ಹತ್ತಿರ ಹಿಡಿದು ನೋಡಿ ಗೊಣಗಿದ. ಒಂದು ಅಂಚು ಗೇಣುದ್ದ ಬಿಚ್ಚಿಹೋಗಿತ್ತು. ಆ ನೂಲು ಮಾತ್ರ ಎಲ್ಲೂ ಇರಲಿಲ್ಲ.

ದೊಡ್ಡಮ್ಮನನ್ನು ನಮ್ಮ ಚಾಪೆಲ್ ಅಂಗಳದಲ್ಲೇ ಮಣ್ಣು ಮಾಡಿದೆವು. ಹಿರಿಯರು ಶೆಂಕಿನ್‌ನನ್ನು ನಿಲ್ಲಿಸಿ ಉಗಿದರು. ಉಗಿಯಲಿ.

ಕುದುರೆ ಮಾರುವಾಗ ಸುಳ್ಳು ಹೇಳುತ್ತೇನೆ, ಒಪ್ಪಿದೆ. ಇದು ಸುಳ್ಳಲ್ಲ. ಅವತ್ತು ಶೆಂಕಿನ್ ಹೆಣ ತಂದು ಗುಡಿಸಲ ಬಾಗಿಲು ತೆಗೆದಾಗ ನಾನೇ ದೀಪ ಹಿಡಿದಿದ್ದೆ. ಮೊಳೆಗೆ ನೇತುಹಾಕಿದ್ದ ಕಾಲುಚೀಲ ಮುಗಿದಿತ್ತು. ಕಡ್ಡಿಗಳು ಕಿಟಕಿಯಲ್ಲಿ ಜೋಡಿಸಿಟ್ಟ ಹಾಗಿದ್ದವು, ಒದ್ದೆಯಾಗಿ.

ಮುಂದಿನ ಭಾನುವಾರ ಅವನ ಎಡಗಾಲು ನೋಡಿ. ಹಿಮ್ಮಡಿಯವರೆಗೆ ಬೂದು. ಅಲ್ಲಿಂದ ಬೆರಳಿನ ತನಕ ನೀಲಿ.